ತಾಯ್ತನವೂ ತಾಯಿಯ ಶರೀರವೂ

ಹಳೆಯ ವಿದ್ಯಾರ್ಥಿನಿಯರ ಕೂಟವು ಸೇರಿದಾಗಲೆಲ್ಲ ನಮ್ಮ ಕಣ್ಣಿಗೆ ಬೀಳುವ ಒಂದು ನೋಟವುಂಟು. ಊಟವಾದ ಮೇಲೆ ಚಾಪೆಯ ಮೇಲೆ ಕುಳಿತು ಹಳೆಯ ದಿನಗಳನ್ನು ನೆನೆಯುತ್ತಿದ್ದ ಹೆಣ್ಣುಮಕ್ಕಳು ಗಂಟೆಯ ಸಪ್ಪಳವನ್ನು ಕೇಳಿ ಏಳಹೋಗುವರು. ಒಂದು ಕಾಲಕ್ಕೆ ಓಟದ ಪಂದ್ಯದಲ್ಲಿ ಎಲ್ಲರನ್ನೂ ಹಿಂದೆ ಹಾಕುತ್ತಿದ್ದವಳು ಈಗ ಗೋಡೆಗೆ ಕೈಯೂರಿ, ತುಟಿ ಕಚ್ಚಿ, ಎರಡು ಸಲ ಯತ್ನಿಸಿ ಏಳುವಳು. "ಏನಾತವಾ?" ಎಂದು ಕೇಳಿದರೆ ನಕ್ಕು, "ಮೂರು ಹಡದ ಮೈ ರೀ ಅಕ್ಕೋರ, ಇದು ಹಿಂಗ ಇರೂದ" ಎಂದು ಉತ್ತರ ಕೊಡುವಳು. ಕೆಮ್ಮು ಬಂದರೆ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಅವಸರದಿಂದ ಹೊರಗೆ ಹೋಗುವಳು. ಯಾಕೆಂದು ಅವಳೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

"ಇದು ಹೀಗೆಯೇ ಇರುವುದು" ಎಂಬ ಈ ಮಾತು ನಿಜವೋ ಅಲ್ಲವೋ ಎಂಬುದನ್ನು ವಿಚಾರಿಸಬೇಕೆಂಬುದೇ ಈ ಲೇಖನದ ಉದ್ದೇಶವು. ಬಸಿರು ಮತ್ತು ಹೆರಿಗೆಗಳಿಂದ ತಾಯಿಯ ಶರೀರದಲ್ಲಿ ಆಗುವ ಮಾರ್ಪಾಟುಗಳಲ್ಲಿ ಕೆಲವು ತಾವಾಗಿಯೇ ಸರಿಹೋಗತಕ್ಕವು. ಕೆಲವು ಅನ್ನ, ವಿಶ್ರಾಂತಿ, ಔಷಧಗಳಿಂದ ತುಂಬಿಕೊಡಬೇಕಾದ ನಷ್ಟಗಳು. ಇನ್ನು ಕೆಲವು ನಿಜವಾದ ಬೇನೆಗಳು, ಅವಕ್ಕೆ ಚಿಕಿತ್ಸೆಯುಂಟು. ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ "ಹೆಣ್ಣಿನ ಜನ್ಮ" ಎಂದು ಹೆಸರಿಟ್ಟು ಮೂಲೆಗಿಟ್ಟಿರುವುದರಿಂದ ಎಷ್ಟು ತಾಯಂದಿರು ವ್ಯರ್ಥವಾಗಿ ನರಳುತ್ತಿರುವರೆಂಬುದನ್ನು ಪಾಲಕರೂ ನಮ್ಮ ಪೂರ್ವ ವಿದ್ಯಾರ್ಥಿನಿಯರೂ ತಿಳಿಯಬೇಕಾಗಿದೆ.

ನಮ್ಮ ವಾಚಕಿಯರಲ್ಲಿ ಅನೇಕರು ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಮನೆತನಗಳಿಗೆ ಸೇರಿದವರು. ಹಿಂದೆ ಹಾನಗಲ್ಲು, ಶಿಗ್ಗಾಂವಿಯು ಮುಖ್ಯಸ್ಥಳವಾಗಿದ್ದ ಬಂಕಾಪುರ, ಹಿರೇಕೆರೂರು ಮುಖ್ಯಸ್ಥಳವಾಗಿದ್ದ ಕೋಡ, ಇವು ಧಾರವಾಡ ಜಿಲ್ಲೆಯ ತಾಲೂಕುಗಳಾಗಿದ್ದವು. ಸವಣೂರು ನವಾಬರ ಸಂಸ್ಥಾನವಾಗಿತ್ತು. ೧೯೯೭ರಲ್ಲಿ ಹಾವೇರಿ ಜಿಲ್ಲೆಯಾದಂದಿನಿಂದ ಇವೆಲ್ಲ ಅದಕ್ಕೆ ಸೇರಿವೆ. ಆಡಳಿತವು ಬದಲಾದರೂ ಹೆಣ್ಣುಮಕ್ಕಳ ದುಡಿಮೆಯು ಬದಲಾಗಲಿಲ್ಲ. ಹಾನಗಲ್ಲಿನ ಕಡೆ ಭತ್ತದ ಗದ್ದೆಯಲ್ಲಿ ದಿನವೆಲ್ಲ ಬಗ್ಗಿ ಸಸಿ ಹಚ್ಚುವವರು ಅವರೇ. ಹಿರೇಕೆರೂರಿನ ಕಡೆ ಗೋವಿನಜೋಳದ ತೆನೆ ಮುರಿಯುವವರೂ ಹತ್ತಿ ಬಿಡಿಸುವವರೂ ಅವರೇ. ಮನೆಗೆ ಬಂದ ಮೇಲೆ ರೊಟ್ಟಿ ಬಡಿಯುವವರು, ನೀರಿನ ಕೊಡ ಹೊರುವವರು, ದನಕ್ಕೆ ಮೇವು ಹಾಕುವವರು ಸಹ ಅವರೇ. ಬಸಿರು ಬಾಣಂತನಗಳು ಈ ದುಡಿಮೆಯ ನಡುವೆಯೇ ನಡೆದು ಹೋಗುವವು.

ಒಂದು ಸಂತೋಷದ ಸಂಗತಿಯನ್ನು ಮೊದಲು ಹೇಳಬೇಕು. ಹೆರಿಗೆಯಲ್ಲಿ ಸಾಯುವ ತಾಯಂದಿರ ಸಂಖ್ಯೆಯು ಬಹಳ ಇಳಿದಿದೆ. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಶಿಶುಗಳ ಜನನಕ್ಕೆ ಮರಣ ಹೊಂದುವ ತಾಯಂದಿರು ೨೦೦೧-೦೩ರ ಗಣನೆಯಲ್ಲಿ ೨೨೮ ಇದ್ದರೆ, ೨೦೧೮-೨೦ರ ಗಣನೆಯಲ್ಲಿ ೬೯ ಇದ್ದರು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ನೂರಕ್ಕೆ ೯೭ ಹೆರಿಗೆಗಳು ದವಾಖಾನೆಗಳಲ್ಲಿಯೇ ಆಗುತ್ತಿದ್ದವು. ಆದರೆ ಸತ್ತವರ ಲೆಕ್ಕವನ್ನು ಸರಕಾರವು ಇಡುವಂತೆ, ಬದುಕಿ ಉಳಿದು ನರಳುವವರ ಲೆಕ್ಕವನ್ನು ಮನೆಯವರೂ ಇಡುವುದಿಲ್ಲ. ನಾವು ಇಲ್ಲಿ ಬರೆಯುವುದು ಆ ಉಳಿದವರ ಸಲುವಾಗಿ.

ಬಸಿರಿನಲ್ಲಿ ಆಗುವುದೇನೆಂಬುದನ್ನು ಕ್ರಮವಾಗಿ ನೋಡೋಣ. ಬಸಿರಿಲ್ಲದ ಸ್ತ್ರೀಯ ಗರ್ಭಕೋಶವು ಸಣ್ಣ ಪೇರಲ ಹಣ್ಣಿನಷ್ಟಿದ್ದು ೬೦-೭೦ ಗ್ರಾಂ ತೂಗುತ್ತದೆ. ದಿನ ತುಂಬಿದಾಗ ಅದೊಂದೇ, ಒಳಗಿನ ಕೂಸಿನ ಭಾರವನ್ನು ಬಿಟ್ಟು, ಸುಮಾರು ಒಂದು ಕಿಲೋಗ್ರಾಂ ಆಗಿರುತ್ತದೆ. ಅದು ಬೆಳೆದಂತೆ ಕರುಳುಗಳು ಬದಿಗೆ ಸರಿಯುವವು. ಎದೆ ಹೊಟ್ಟೆಗಳ ನಡುವಿನ ವಪೆಯು ಸುಮಾರು ನಾಲ್ಕು ಸೆಂಟಿಮೀಟರಿನಷ್ಟು ಮೇಲಕ್ಕೆ ಒತ್ತಲ್ಪಡುವುದು. ತುಂಬಿದ ಬಸುರಿಯು ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಡುವುದು ಸೋಮಾರಿತನದಿಂದಲ್ಲ. ಅವಳ ಹೃದಯವು ವಿಶ್ರಾಂತಿಯಲ್ಲಿರುವಾಗಲೂ ಹಿಂದಿಗಿಂತ ನೂರಕ್ಕೆ ೩೦ರಿಂದ ೫೦ರಷ್ಟು ಹೆಚ್ಚು ರಕ್ತವನ್ನು ತಳ್ಳುತ್ತಿರುತ್ತದೆ. ಮೂತ್ರಪಿಂಡಗಳು ತನ್ನ ಮೈಯ ಕಶ್ಮಲದೊಡನೆ ಕೂಸಿನ ಕಶ್ಮಲವನ್ನೂ ಶೋಧಿಸಿ ಹೊರಗೆ ಹಾಕುವವು. ಹೀಗೆ ಅವಳು ಸುಮ್ಮನೆ ಕುಳಿತಿದ್ದರೂ ಅವಳ ಶರೀರವು ದುಡಿಯುತ್ತಲೇ ಇರುತ್ತದೆ.

ಇದೇ ಕಾಲದಲ್ಲಿ ಎಲುಬಿನ ಕೀಲುಗಳನ್ನು ಕಟ್ಟಿರುವ ತಂತುಗಳು ಮೆತ್ತಗಾಗುವವು. ಕೂಸು ಹೊರಬೀಳಲು ಟೊಂಕದ ಎಲುಬುಗಳು ತುಸು ಸಡಿಲಬೇಕಲ್ಲವೆ? ಆದರೆ ಆ ಸಡಿಲಿಕೆಯು ಮೈಯ ಎಲ್ಲ ಕೀಲುಗಳಿಗೂ ತಟ್ಟುವುದು. ಹೊಟ್ಟೆಯು ಮುಂದಕ್ಕೆ ಬಂದಂತೆ ಸಮತೂಕಕ್ಕಾಗಿ ಬೆನ್ನು ಹಿಂದಕ್ಕೆ ಬಾಗುವುದು, ನಡುನೋವು ಹುಟ್ಟುವುದು. ಹೊಟ್ಟೆಯ ಮುಂಭಾಗದಲ್ಲಿ ಮೇಲಿಂದ ಕೆಳಗೆ ಇಳಿದಿರುವ ಎರಡು ಸ್ನಾಯುಪಟ್ಟಿಗಳು ನಡುವೆ ಬಿಟ್ಟುಕೊಳ್ಳುವವು. ಅಂಗಾಲು ಚಪ್ಪಟೆಯಾಗಿ ಹಳೆಯ ಚಪ್ಪಲಿಯು ಬಿಗಿಯಾಗುವುದೂ ಉಂಟು. ಹಡೆದ ಮೇಲೆ ಇವುಗಳಲ್ಲಿ ಬಹುಭಾಗವು ತಿಂಗಳುಗಳಲ್ಲಿ ಸರಿಯಾಗುವುದು. ಆದರೆ ಕೀಲು ಸ್ನಾಯುಗಳು ಗಟ್ಟಿಯಾಗುವ ಮೊದಲೇ ತುಂಬಿದ ಕೊಡವನ್ನೂ ಮೇವಿನ ಹೊರೆಯನ್ನೂ ಹೊತ್ತರೆ ನಡುನೋವು ವರ್ಷಗಟ್ಟಲೆ ಉಳಿಯುವುದು.

ಇನ್ನು ರಕ್ತದ ವಿಷಯ. ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣವು ನೂರಕ್ಕೆ ೪೦-೫೦ರಷ್ಟು ಹೆಚ್ಚುವುದು. ಆದರೆ ಅದರ ನೀರಿನ ಭಾಗವು ಹೆಚ್ಚಿದಷ್ಟು ಕೆಂಪು ಕಣಗಳು ಹೆಚ್ಚುವುದಿಲ್ಲ. ಹೊಸ ಕಣಗಳಿಗೂ, ಕೂಸಿಗೂ, ಮಾಸಿಗೂ, ಹೆರಿಗೆಯಲ್ಲಿ ಹೋಗುವ ರಕ್ತಕ್ಕೂ ಸೇರಿ ಒಂದು ಬಸಿರಿಗೆ ಸುಮಾರು ೧,೦೦೦ ಮಿಲಿಗ್ರಾಂ ಕಬ್ಬಿಣದ ಸತ್ವವು ಬೇಕು. ಎಲ್ಲ ಸೇರಿ ಒಂದೇ ಗ್ರಾಂ; ಚಿಟಿಕೆಯಲ್ಲಿ ಹಿಡಿಯುವಷ್ಟು. ಆದರೆ ಅಷ್ಟನ್ನು ಕೂಡಿಟ್ಟುಕೊಂಡ ಹೆಣ್ಣುಮಕ್ಕಳು ನಮ್ಮಲ್ಲಿ ಇಲ್ಲವೆಂದೇ ಹೇಳಬೇಕು. ತಿಂಗಳು ತಿಂಗಳಿಗೆ ಮುಟ್ಟಿನಲ್ಲಿ ಹೋಗುವುದು ಒಂದು ಕಡೆ. ಎಲ್ಲರೂ ಉಂಡು ಎದ್ದ ಮೇಲೆ ಉಳಿದ ಪಲ್ಯದಲ್ಲಿ ರೊಟ್ಟಿ ತಿನ್ನುವ ವಾಡಿಕೆಯು ಇನ್ನೊಂದು ಕಡೆ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ ಸುಮಾರು ೪೬ ಮಂದಿಗೆ ರಕ್ತಹೀನತೆ ಇದ್ದುದು ಕಂಡುಬಂದಿತು. ಹಿಮೋಗ್ಲೋಬಿನ್ನು ೧೧ಕ್ಕಿಂತ ಕೆಳಗಿದ್ದರೆ ಬಸುರಿಯಲ್ಲಿ ಅದು ರಕ್ತಹೀನತೆಯೇ.

ಇದಕ್ಕೆ ಉಪಾಯವು ದೂರದಲ್ಲಿಲ್ಲ. ಪುಂಡಿಪಲ್ಯ, ಮೆಂತೆಪಲ್ಯ, ರಾಜಗಿರಿ, ನುಗ್ಗೆಸೊಪ್ಪು, ಮೊಳಕೆ ಬಂದ ಹೆಸರುಕಾಳು ಮಡಿಕೆಕಾಳುಗಳು ನಮ್ಮ ಸಂತೆಗಳಲ್ಲಿ ದೊರೆಯದವಲ್ಲ. ಅವುಗಳ ಮೇಲೆ ಲಿಂಬೆಯ ರಸ ಹಿಂಡಿಕೊಂಡರೆ ಕಬ್ಬಿಣವು ಮೈಗೆ ಚೆನ್ನಾಗಿ ಹತ್ತುವುದು. ಊಟದ ಹಿಂದೆಯೇ ಚಹ ಕುಡಿದರೆ ಹತ್ತದೆ ಹೋಗುವುದು. ಮಾಂಸಾಹಾರಿಗಳು ಮೀನು ಮಾಂಸಗಳನ್ನು ಬಿಡಬೇಕಾದುದಿಲ್ಲ. ಆದರೆ ಬಸಿರಿನ ಕಾಲದ ಅಗತ್ಯವು ಅನ್ನದಿಂದಲೇ ತುಂಬುವಷ್ಟು ಸಣ್ಣದಲ್ಲ. ಆದುದರಿಂದಲೇ ಆಶಾ ಕಾರ್ಯಕರ್ತೆಯರು ಕಬ್ಬಿಣದ ಗುಳಿಗೆಗಳನ್ನು ಕೊಡುತ್ತಾರೆ. ಮಲವು ಕಪ್ಪಾಯಿತೆಂದು, ಹೊಟ್ಟೆ ಕಟ್ಟಿತೆಂದು ಅವನ್ನು ಗೂಡಿನಲ್ಲಿಟ್ಟು ಮರೆಯುವವರು ಬಹಳ. ಕಪ್ಪಾಗುವುದು ಹಾನಿಯ ಲಕ್ಷಣವಲ್ಲ. ಗುಳಿಗೆ ಸಹಿಸದಿದ್ದರೆ ನರ್ಸಮ್ಮನಿಗೆ ಹೇಳಿದಲ್ಲಿ ಬೇರೆ ಉಪಾಯವುಂಟು. ಸುಣ್ಣದ ಸತ್ವದ ಗುಳಿಗೆಯನ್ನು ಮಾತ್ರ ಕಬ್ಬಿಣದ ಗುಳಿಗೆಯ ಜೊತೆಗೆ ನುಂಗದೆ ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು. ಇದಕ್ಕಿಂತ ಮುಖ್ಯವಾದ ಮಾತೊಂದಿದೆ: ಈ ಗುಳಿಗೆಗಳನ್ನು ಬಸಿರಿನಲ್ಲಿ ೧೮೦ ದಿವಸ, ಹಡೆದ ಮೇಲೆ ಮತ್ತೆ ೧೮೦ ದಿವಸ ನುಂಗಬೇಕೆಂಬುದು ವಿಧಿ. ಕೂಸು ಹುಟ್ಟಿದ ದಿನವೇ ಗುಳಿಗೆ ಬಿಡುವುದೆಂದರೆ ಅರ್ಧ ಸಾಲವನ್ನು ತೀರಿಸಿ ಪತ್ರ ಹರಿದು ಹಾಕಿದಂತೆ.

ಸುಣ್ಣದ ಸತ್ವವೂ ಹೀಗೆಯೇ. ಕೂಸಿನ ಎಲುಬಿಗಾಗಿ ಸುಮಾರು ೩೦ ಗ್ರಾಂ ಸತ್ವವು ತಾಯಿಯಿಂದ ಹೋಗುವುದು. ಮೊಲೆಯೂಡಿಸುವಾಗ ಇನ್ನೂ ಹೋಗುವುದು. ಹಾಲು, ಮಜ್ಜಿಗೆ, ಎಳ್ಳುಗಳಿಂದ ಅದು ಬಾರದಿದ್ದರೆ ತಾಯಿಯ ಎಲುಬೇ ಕೊಡುವುದು. ಮೊಲೆ ಬಿಡಿಸಿದ ಮೇಲೆ ಎಲುಬು ಅದನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆಂಬುದು ಸೃಷ್ಟಿಯ ಕೃಪೆ. ಆದರೆ ತುಂಬಿಕೊಳ್ಳಲು ಕಾಲವೂ ಆಹಾರವೂ ಬೇಕು. ಒಂದು ಕೂಸು ತೊಟ್ಟಿಲಿಂದ ಇಳಿಯುವ ಮೊದಲೇ ಇನ್ನೊಂದು ಹೊಟ್ಟೆಯಲ್ಲಿ ಮೂಡಿದರೆ ಅದು ಯಾವಾಗ ತುಂಬಿಕೊಳ್ಳಬೇಕು?

ಹೆರಿಗೆಯ ಹೊತ್ತಿನ ಅಪಾಯಗಳಲ್ಲಿ ಮೊದಲನೆಯದು ರಕ್ತಸ್ರಾವ. ದಿನ ತುಂಬಿದಾಗ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತವು ಹರಿಯುತ್ತಿರುತ್ತದೆ. ಮಾಸು ಬಿದ್ದ ಕೂಡಲೇ ಗರ್ಭಕೋಶವು ಮುಷ್ಟಿಯಂತೆ ಬಿಗಿದುಕೊಂಡು ರಕ್ತನಾಳಗಳ ಬಾಯಿಗಳನ್ನು ಮುಚ್ಚಬೇಕು. ಬಿಗಿಯದಿದ್ದರೆ ರಕ್ತವು ನಲ್ಲಿ ತೆರೆದಂತೆ ಹರಿದು ಎರಡು ಗಂಟೆಗಳೊಳಗೆ ಪ್ರಾಣ ಹೋಗಬಹುದು. ಚಕ್ರವರ್ತಿಯ ಅರಸಿಯಾದರೂ ಇದಕ್ಕೆ ಹೊರತಲ್ಲ: ಷಹಜಹಾನನ ಪತ್ನಿ ಮುಮ್ತಾಜಳು ೧೬೩೧ರಲ್ಲಿ ಬುರ್ಹಾನಪುರದಲ್ಲಿ ತೀರಿಕೊಂಡುದು ಹದಿನಾಲ್ಕನೆಯ ಹೆರಿಗೆಯಲ್ಲಿ. ಗಟ್ಟಿಮುಟ್ಟಾದ ಹೆಣ್ಣುಮಗಳು ಅರ್ಧ ಲೀಟರು ರಕ್ತ ಹೋದರೂ ತಾಳಿಕೊಳ್ಳುವಳು; ರಕ್ತಹೀನಳಾದವಳು ಅಷ್ಟಕ್ಕೇ ಕುಸಿಯುವಳು. ಬಸಿರಿನಲ್ಲಿ ನುಂಗದೆ ಬಿಟ್ಟ ಗುಳಿಗೆಯ ಬೆಲೆಯು ಆ ಗಳಿಗೆಯಲ್ಲಿ ತಿಳಿಯುವುದು.

ಈ ವಿಷಯದಲ್ಲಿ ನಮ್ಮ ನೆರೆಯ ಬೆಳಗಾವಿಯ ಕಾರ್ಯವು ಲೋಕಕ್ಕೆಲ್ಲ ಉಪಯೋಗವಾದುದನ್ನು ಅಭಿಮಾನದಿಂದ ನೆನೆಯಬೇಕು. ಅಲ್ಲಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯದವರು ಅಮೇರಿಕೆಯ ಸಂಶೋಧಕರೊಡನೆ ಕೂಡಿ, ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ೧,೬೨೦ ತಾಯಂದಿರ ಮೇಲೆ ಒಂದು ಪರೀಕ್ಷೆಯನ್ನು ನಡೆಸಿದರು. ಹೆರಿಗೆಯಾದ ಕೂಡಲೇ ಅರ್ಧದಷ್ಟು ತಾಯಂದಿರಿಗೆ ಮಿಸೋಪ್ರಾಸ್ಟಾಲ್ ಎಂಬ ಔಷಧದ ಗುಳಿಗೆಗಳನ್ನೂ ಉಳಿದವರಿಗೆ ಔಷಧವಿಲ್ಲದ ಗುಳಿಗೆಗಳನ್ನೂ ಹಳ್ಳಿಯ ನರ್ಸಮ್ಮಂದಿರೇ ಕೊಟ್ಟರು. ಅತಿಯಾದ ರಕ್ತಸ್ರಾವವು ನೂರಕ್ಕೆ ೧೨ ಇದ್ದುದು ಔಷಧ ಪಡೆದವರಲ್ಲಿ ಸುಮಾರು ೬ಕ್ಕೆ ಇಳಿಯಿತು. ೨೦೦೬ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶವು, ಸೂಜಿಮದ್ದು ದೊರೆಯದ ಸ್ಥಳಗಳಲ್ಲಿಯೂ ತಾಯಿಯನ್ನು ಉಳಿಸಬಹುದೆಂದು ತೋರಿಸಿಕೊಟ್ಟಿತು. ದವಾಖಾನೆಯ ಹೆರಿಗೆಯಲ್ಲಿಯಂತೂ ಕೂಸು ಹುಟ್ಟಿದೊಡನೆ ಆಕ್ಸಿಟೋಸಿನ್ ಸೂಜಿಮದ್ದನ್ನು ಕೊಡುವುದು ಪದ್ಧತಿಯಾಗಿದೆ. ಹೆರಿಗೆಗೆ ದವಾಖಾನೆಗೆ ಹೋಗಬೇಕೆಂದು ಹೇಳುವುದರ ಮರ್ಮವು ಇದರಲ್ಲಿದೆ. ರಕ್ತಸ್ರಾವವು ಮುನ್ಸೂಚನೆ ಕೊಟ್ಟು ಬರುವುದಲ್ಲ.

ಮುನ್ಸೂಚನೆ ಕೊಟ್ಟು ಬರುವ ಅಪಾಯವೊಂದುಂಟು; ಅದು ಬಸಿರಿನ ನಂಜು. ಐದು ತಿಂಗಳು ತುಂಬಿದ ಮೇಲೆ ರಕ್ತದ ಒತ್ತಡವು ಏರಿ, ತೀವ್ರವಾದ ತಲೆನೋವು, ಕಣ್ಣು ಮಂಜಾಗುವಿಕೆ, ಮೇಲ್ಹೊಟ್ಟೆಯ ನೋವು, ಮೋರೆ ಕೈಗಳ ಬಾವು ಕಾಣಿಸಿಕೊಳ್ಳಬಹುದು. ಕೆಲವರಲ್ಲಿ ಒತ್ತಡ ಏರಿದುದು ಅಳೆದು ನೋಡಿದ ಹೊರತು ತಿಳಿಯುವುದೇ ಇಲ್ಲ. ಅಲಕ್ಷಿಸಿದರೆ ಫಿಟ್ಸು ಬಂದು ತಾಯಿ ಮಗು ಇಬ್ಬರಿಗೂ ಪ್ರಾಣಾಪಾಯ. ಇದನ್ನು ಗಾಳಿ ಸೋಕಿತೆಂದು, ದೃಷ್ಟಿ ತಾಕಿತೆಂದು ತಿಳಿದು ಹೊತ್ತು ಕಳೆಯಬಾರದು. ಹಡೆದ ಮೇಲೆ ಆರು ವಾರಗಳವರೆಗೂ ಇದು ಬರಬಹುದೆಂಬುದನ್ನೂ, ಒಮ್ಮೆ ನಂಜಾದವರಿಗೆ ಮುಂದೆ ರಕ್ತದೊತ್ತಡ ಹೃದಯರೋಗಗಳ ಭಯವು ಇತರರಿಗಿಂತ ಹೆಚ್ಚೆಂಬುದನ್ನೂ ಬಹಳ ಮಂದಿ ಅರಿಯರು. ಬಸಿರಿನಲ್ಲಿ ಸಕ್ಕರೆರೋಗ ಕಾಣಿಸಿಕೊಂಡವರ ಮಾತೂ ಹೀಗೆಯೇ. ಹೆರಿಗೆಯೊಡನೆ ಅದು ಮಾಯವಾದಂತೆ ತೋರಿದರೂ ಮುಂದೆ ಮರಳಿ ಬರುವ ಸಂಭವವುಂಟು. ಅಂಥವರು ಆಗಾಗ್ಗೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಸಿಸೇರಿಯನ್ ಶಸ್ತ್ರಕ್ರಿಯೆಯ ವಿಷಯವಾಗಿಯೂ ಎರಡು ಮಾತು. ೨೦೧೯-೨೧ರಲ್ಲಿ ನಮ್ಮ ರಾಜ್ಯದ ನೂರು ಹೆರಿಗೆಗಳಲ್ಲಿ ೩೧ಕ್ಕೂ ಮಿಕ್ಕಿ ಈ ರೀತಿಯಲ್ಲಿ ಆಗುತ್ತಿದ್ದವು. ಬೇಕಾದಲ್ಲಿ ಇದು ಪ್ರಾಣದಾಯಕವು. ಆದರೆ "ನೋವಿಲ್ಲದೆ ಹಡೆದಳು, ಅವಳಿಗೇನು ಕಷ್ಟ?" ಎನ್ನುವವರು, ಹೊಟ್ಟೆಯ ಪದರಗಳನ್ನೂ ಗರ್ಭಕೋಶವನ್ನೂ ಕೊಯ್ದು ಹೊಲಿದಿರುವರೆಂಬುದನ್ನು ಮರೆಯುತ್ತಾರೆ. ಅದು ದೊಡ್ಡ ಶಸ್ತ್ರಕ್ರಿಯೆ. ಆರು ವಾರಗಳವರೆಗೆ ಕೂಸಿಗಿಂತ ಹೆಚ್ಚಿನ ಭಾರವನ್ನು ಆ ತಾಯಿಯು ಎತ್ತಬಾರದು.

ಹೆರಿಗೆಯಾದ ಮೇಲೆ ಗರ್ಭಕೋಶವು ಮೊದಲಿನ ಗಾತ್ರಕ್ಕೆ ಇಳಿಯಲು ಸುಮಾರು ಆರು ವಾರಗಳು ಬೇಕು. ಅಷ್ಟು ಕಾಲ ಅದರ ಒಳಗೋಡೆಯು ಹಸಿ ಗಾಯದಂತಿರುವುದರಿಂದಲೇ ನಮ್ಮ ಹಿರಿಯರು "ಹಸಿಬಾಣಂತಿ" ಎಂಬ ಹೆಸರನ್ನಿಟ್ಟರು. ಗಾಯಕ್ಕೆ ಹೊಲಸು ತಾಕಿದರೆ ಕೀವಾಗುವುದು ಸಹಜವಷ್ಟೆ? ೧೮೪೭ರಲ್ಲಿ ವಿಯೆನ್ನಾ ನಗರದ ಡಾಕ್ಟರ್ ಸೆಮ್ಮೆಲ್‌ವೈಸ್‌ರು, ವೈದ್ಯರು ಕ್ಲೋರಿನ್ ನೀರಿನಲ್ಲಿ ಕೈ ತೊಳೆದುಕೊಂಡರೆ ಬಾಣಂತಿ ಜ್ವರದ ಸಾವುಗಳು ಬಹುವಾಗಿ ಇಳಿಯುವುವೆಂದು ತೋರಿಸಿದರು. ಅಂದು ಅವರನ್ನು ನಂಬಿದವರು ಕಡಿಮೆ. ಇಂದಿಗೂ ಹಡೆದ ಮೇಲೆ ಜ್ವರ, ದುರ್ಗಂಧದ ಸ್ರಾವ, ಕೆಳಹೊಟ್ಟೆಯ ನೋವು ಬಂದರೆ ಅದನ್ನು "ಹಾಲಿನ ಜ್ವರ"ವೆಂದು ಬಿಡದೆ ಅದೇ ದಿನ ವೈದ್ಯರಿಗೆ ತೋರಿಸಬೇಕು.

ನಮ್ಮ ಬಾಣಂತನದ ಪದ್ಧತಿಗಳನ್ನು ನಾವು ನಿಂದಿಸುವವರಲ್ಲ. ಕುಬಸ ಮಾಡಿ ಮಗಳನ್ನು ತವರಿಗೆ ಕರೆತಂದು, ಎಣ್ಣೆ ಹಚ್ಚಿ ಬಿಸಿನೀರು ಹಾಕಿ, ಅಂಟು ಕೊಬ್ಬರಿ ಉತ್ತತ್ತಿಗಳ ಉಂಡೆ ಕಟ್ಟಿ, ಅಳ್ವಿಯ ಪಾಯಸ ಮಾಡಿ ತಿಂಗಳುಗಟ್ಟಲೆ ಕೂಡ್ರಿಸಿ ಉಣ್ಣಿಸುವುದರಲ್ಲಿ ದೊಡ್ಡ ವಿವೇಕವಿದೆ. ಶರೀರದ ಸಾಲವನ್ನು ತೀರಿಸುವ ಏರ್ಪಾಡೇ ಅದು. ಆದರೆ ಅದರೊಡನೆ ಕೆಲವು ತಪ್ಪುಗಳೂ ಬೆರೆತಿವೆ. ಬಾಣಂತಿಗೆ ನೀರು ಕೊಡಬಾರದೆಂಬುದು ತಪ್ಪು: ಮೊಲೆಯೂಡಿಸುವವಳಿಗೆ ನೀರು ಹೆಚ್ಚು ಬೇಕು, ಬಾಯಾರಿದಾಗಲೆಲ್ಲ ಕೊಡಬೇಕು. ಪಲ್ಯ ಹಣ್ಣುಗಳು ಥಂಡಿಯೆಂದು ಬಿಡಿಸುವುದು ತಪ್ಪು. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಹೊರಸಿನ ಕೆಳಗೆ ಕೆಂಡವಿಟ್ಟು ಹೊಗೆ ತುಂಬಿಸುವುದು ತಾಯಿಗೂ ಕೂಸಿಗೂ ಅಪಾಯಕರ. ಹೊಟ್ಟೆಗೆ ಸಡಿಲಾಗಿ ಬಟ್ಟೆ ಸುತ್ತಿದರೆ ನಡುವಿಗೆ ಆಧಾರವಾದೀತು. ಉಸಿರು ಕಟ್ಟುವಂತೆ ಬಿಗಿದರೆ ಒತ್ತಡವೆಲ್ಲ ಕೆಳಗಿನ ಅಂಗಗಳ ಮೇಲೆ ಬೀಳುವುದು. ಇವೆಲ್ಲಕ್ಕಿಂತಲೂ ದೊಡ್ಡ ತಪ್ಪೆಂದರೆ, ಮೊದಲನೆಯ ಹೆರಿಗೆಗೆ ಐದು ತಿಂಗಳ ಬಾಣಂತನ ಮಾಡಿದವರು ಮೂರನೆಯದಕ್ಕೆ ಹದಿನೈದು ದಿನಗಳಲ್ಲಿ ಅವಳನ್ನು ಒಲೆಯ ಮುಂದೆ ಕೂಡ್ರಿಸುವುದು. ಮೈಯು ಮೊದಲಿಗಿಂತ ಹೆಚ್ಚು ದಣಿದಿರುವಾಗಲೇ ವಿಶ್ರಾಂತಿಯು ಕಡಿಮೆಯಾಗುವುದು ಯಾವ ನ್ಯಾಯ?

ಬಾಣಂತಿಯ ಮನಸ್ಸನ್ನೂ ಇಲ್ಲಿ ಮರೆಯಲಾಗದು. ಹಡೆದ ಮೊದಲ ವಾರದಲ್ಲಿ ಕಾರಣವಿಲ್ಲದೆ ಕಣ್ಣೀರು ಬರುವುದು ಸಾಮಾನ್ಯ. ಅದು ತಾನೇ ಹೋಗುವುದು. ಆದರೆ ಎರಡು ವಾರಗಳ ಮೇಲೂ ಯಾವುದರಲ್ಲಿಯೂ ಆಸೆಯಿಲ್ಲದೆ, ಕೂಸು ಮಲಗಿದರೂ ತನಗೆ ನಿದ್ರೆ ಬಾರದೆ, ತಾನು ನಿಷ್ಪ್ರಯೋಜಕಳೆಂದು ಕೊರಗತೊಡಗಿದರೆ ಅದು ಬೇನೆಯೇ. ಅದನ್ನು ಹಟವೆಂದಾಗಲಿ ದೆವ್ವವೆಂದಾಗಲಿ ತಿಳಿಯದೆ ಡಾಕ್ಟರರ ಬಳಿಗೆ ಕರೆದೊಯ್ಯಬೇಕು.

ಈಗ ನಾಚಿಕೆಯಿಂದ ಯಾರೂ ಬಾಯಿಬಿಡದ ಮಾತಿಗೆ ಬರುವೆವು. ಟೊಂಕದ ಎಲುಬಿನ ಬಟ್ಟಲಿಗೆ ತಳವಾಗಿ, ತೊಟ್ಟಿಲಿನ ಜೋಲಿಯಂತೆ, ಕೆಲವು ಸ್ನಾಯುಗಳು ಹರಡಿವೆ. ಮೂತ್ರಚೀಲ, ಗರ್ಭಕೋಶ, ಮಲದ್ವಾರಗಳನ್ನು ಆ ಜೋಲಿಯೇ ಎತ್ತಿ ಹಿಡಿದಿರುತ್ತದೆ. ಕೂಸು ಹೊರಬೀಳುವಾಗ ಅದು ಮಿತಿಮೀರಿ ಹಿಗ್ಗುವುದು, ಕೆಲವೊಮ್ಮೆ ಹರಿಯುವುದು. ದೀರ್ಘಕಾಲದ ಬೇನೆ, ದೊಡ್ಡ ಕೂಸು, ಪದೇ ಪದೇ ಹೆರಿಗೆ, ಬೇಗನೆ ಹೊರೆ ಹೊರುವುದು, ಇವುಗಳಿಂದ ಅದು ಜೋಲುಬಿದ್ದರೆ ಕೆಮ್ಮಿದಾಗ ಸೀನಿದಾಗ ಮೂತ್ರವು ಹನಿಯುವುದು. ಇನ್ನೂ ಸಡಿಲವಾದರೆ ಗರ್ಭಕೋಶವೇ ಕೆಳಗೆ ಜಾರುವುದು. ಎರಡು ಮೂರು ದಿನ ಬೇನೆ ತಿಂದರೂ ಕೂಸು ಬಾರದೆ ಸಿಕ್ಕಿಕೊಂಡಲ್ಲಿ ಮೂತ್ರಚೀಲವೇ ತೂತುಬಿದ್ದು ಸದಾ ಮೂತ್ರ ಸೋರುವುದೂ ಉಂಟು. ಕ್ಯಾಥರಿನ್ ಹ್ಯಾಮ್ಲಿನ್ ಮತ್ತು ಅವರ ಪತಿ, ಈ ಡಾಕ್ಟರ್ ದಂಪತಿಗಳು ಇಂಥ ಸ್ತ್ರೀಯರಿಗಾಗಿಯೇ ೧೯೭೪ರಲ್ಲಿ ಇಥಿಯೋಪಿಯದ ರಾಜಧಾನಿಯಲ್ಲಿ ಆಸ್ಪತ್ರೆಯೊಂದನ್ನು ಸ್ಥಾಪಿಸಿ, ತೂತನ್ನು ಹೊಲಿದು ಅವರನ್ನು ಮರಳಿ ಮನೆಗೆ ಕಳಿಸತೊಡಗಿದರು.

ಜೋಲಿಯ ಸಡಿಲಿಕೆಗೆ ಮೊದಲನೆಯ ಮದ್ದು ವ್ಯಾಯಾಮ. ಮೂತ್ರವನ್ನು ತಡೆಹಿಡಿಯುವಾಗ ಯಾವ ಸ್ನಾಯುಗಳನ್ನು ಒಳಕ್ಕೆ ಎಳೆದುಕೊಳ್ಳುವೆವೋ ಅವುಗಳನ್ನೇ, ಮೂತ್ರಚೀಲವು ಬರಿದಾಗಿರುವಾಗ, ಐದು ಎಣಿಸುವವರೆಗೆ ಎಳೆದು ಹಿಡಿದು, ಮತ್ತೆ ಐದು ಎಣಿಸುವವರೆಗೆ ಸಡಿಲ ಬಿಡಬೇಕು. ಉಸಿರು ಕಟ್ಟಬಾರದು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು ಮಾಡಿದರೆ ಬಹು ಜನರಿಗೆ ಗುಣ ಕಾಣುವುದು. ಮಲಗಿ ಮಾಡಬಹುದು, ಕುಳಿತು ಮಾಡಬಹುದು, ರೊಟ್ಟಿ ಬಡಿಯುತ್ತಲೂ ಮಾಡಬಹುದು, ಯಾರಿಗೂ ತಿಳಿಯುವುದಿಲ್ಲ. ಗರ್ಭಕೋಶವು ಜಾರಿದವರಿಗೆ ಒಳಗೆ ಆಧಾರವಾಗಿ ಇಡುವ ಬಳೆಯಂಥ ಸಾಧನವುಂಟು. ಅದರಿಂದ ಆಗದಿದ್ದರೆ ಶಸ್ತ್ರಕ್ರಿಯೆಯುಂಟು.

ಇಂಥ ಬೇನೆಗಳನ್ನು ಮುಚ್ಚಿಟ್ಟುಕೊಳ್ಳುವುದರಿಂದ ಆಗುವ ಕೇಡು ನರಳಾಟವೊಂದೇ ಅಲ್ಲ. ಹಿರೇಕೆರೂರಿನ ನೆರೆಯ ರಾಣೆಬೆನ್ನೂರಿನಲ್ಲಿ ೨೦೧೦ರಿಂದ ೨೦೧೭ರ ವರೆಗಿನ ಅವಧಿಯಲ್ಲಿ ಸಾವಿರದ ಐನೂರಕ್ಕೂ ಮಿಕ್ಕಿ ಸ್ತ್ರೀಯರ ಗರ್ಭಕೋಶಗಳನ್ನು ತೆಗೆಯಲಾಯಿತೆಂದೂ, ಅನೇಕರಿಗೆ ಅದರ ಅಗತ್ಯವೇ ಇರಲಿಲ್ಲವೆಂದೂ ದೂರು ಹುಟ್ಟಿ ವಿಚಾರಣೆಗಳು ನಡೆದವು. ಅವರಲ್ಲಿ ಬಹಳ ಮಂದಿ ಲಂಬಾಣಿ ತಾಂಡಾಗಳ ಬಡ ಹೆಣ್ಣುಮಕ್ಕಳು. ೨೦೨೨ರಲ್ಲಿ ಅವರು ನ್ಯಾಯವನ್ನು ಬೇಡಿ, ಅಂದಿನ ಮುಖ್ಯಮಂತ್ರಿಗಳ ಮತಕ್ಷೇತ್ರವಾದ ಶಿಗ್ಗಾಂವಿಯ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟರು. ದೇಶದ ಇತರ ಪ್ರಾಂತಗಳಿಂದ ಇಂಥದೇ ದೂರುಗಳು ಬಂದುದರಿಂದ ೨೦೨೩ರ ಏಪ್ರಿಲಿ‌ನಲ್ಲಿ ಸರ್ವೋಚ್ಚ ನ್ಯಾಯಾಲಯವು, ಅನಾವಶ್ಯಕವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ನಿಯಮಗಳನ್ನು ಮೂರು ತಿಂಗಳೊಳಗೆ ಅಂಗೀಕರಿಸಬೇಕೆಂದು ಎಲ್ಲ ರಾಜ್ಯಗಳಿಗೂ ಆಜ್ಞಾಪಿಸಿತು.

ಇದರಿಂದ ನಾವು ಕಲಿಯತಕ್ಕದ್ದೇನು? ಬಿಳಿಸೆರಗು, ನಡುನೋವು, ಕೆಳಹೊಟ್ಟೆಯ ನೋವು, ಇವು ಹಲವು ಹಡೆದ ಹೆಣ್ಣುಮಕ್ಕಳ ಸಾಮಾನ್ಯ ದೂರುಗಳು. ಇವುಗಳಲ್ಲಿ ಬಹುಪಾಲು ಔಷಧಕ್ಕೂ ವ್ಯಾಯಾಮಕ್ಕೂ ಬಗ್ಗತಕ್ಕವು. ಆದರೆ ತನ್ನ ಮೈಯ ವಿಷಯವನ್ನು ಎಂದೂ ಯಾರೊಡನೆಯೂ ಆಡದವಳು, ನೋವು ತಾಳಲಾರದಷ್ಟಾದಾಗ ಒಬ್ಬಳೇ ಹೋಗಿ, ಹೇಳಿದಲ್ಲಿ ಹೆಬ್ಬೆಟ್ಟು ಒತ್ತುವಳು. "ಹಡೆಯುವುದು ಮುಗಿಯಿತು, ಇನ್ನು ಗರ್ಭಚೀಲ ಯಾತಕ್ಕೆ?" ಎಂದು ಮನೆಯವರೂ ತಲೆಯಾಡಿಸುವರು. ಗರ್ಭಕೋಶದೊಡನೆ ಅಂಡಕೋಶಗಳನ್ನೂ ತೆಗೆದರೆ ಮೂವತ್ತರ ಹರೆಯದಲ್ಲಿಯೇ ಮುಪ್ಪು ಬಂದಂತಾಗಿ ಎಲುಬುಗಳು ಸವೆಯುವುವೆಂಬುದು ಅವರಿಗೆ ತಿಳಿಯದು. ಗರ್ಭಕೋಶವನ್ನು ತೆಗೆಯಲೇಬೇಕಾದ ರೋಗಗಳುಂಟು, ನಿಜ. ಆದರೆ ಆ ಮಾತು ಬಂದಾಗ "ಏತಕ್ಕೆ? ಬೇರೆ ಉಪಾಯವಿಲ್ಲವೆ?" ಎಂದು ಕೇಳುವುದೂ, ಇನ್ನೊಬ್ಬ ವೈದ್ಯರಿಗೆ ತೋರಿಸುವುದೂ ಪ್ರತಿಯೊಬ್ಬ ಸ್ತ್ರೀಯ ಹಕ್ಕು. ಓದುಬರಹ ಬಲ್ಲ ನಮ್ಮ ಪೂರ್ವ ವಿದ್ಯಾರ್ಥಿನಿಯರು ಓದು ಬಾರದ ನೆರೆಹೊರೆಯವಳ ಜೊತೆಗೆ ಒಂದು ದಿನ ದವಾಖಾನೆಗೆ ಹೋಗಿ ಈ ಎರಡು ಪ್ರಶ್ನೆಗಳನ್ನು ಕೇಳಿದರೆ, ಕಲಿತ ವಿದ್ಯೆಯು ಸಾರ್ಥಕವಾದಂತೆ.

ಪಾಲಕರಲ್ಲಿ ನಮ್ಮ ಅರಿಕೆಯು ಸಂಕ್ಷೇಪವಾದುದು. ತನ್ನ ಎಲುಬೇ ಪೂರ್ತಿ ಬಲಿಯದ ಬಾಲಿಕೆಗೆ ಇನ್ನೊಂದು ಎಲುಬಿನ ಹಂದರವನ್ನು ಕಟ್ಟುವ ಕೆಲಸವನ್ನು ಹೊರಿಸಬೇಡಿರಿ. ಹದಿನೆಂಟು ತುಂಬುವುದು ಕಾಯಿದೆಯ ಮಿತಿ. ಶರೀರದ ದೃಷ್ಟಿಯಿಂದ ಇನ್ನೂ ಎರಡು ಮೂರು ವರ್ಷ ತಾಳಿದರೆ ಲೇಸು. ಹೆರಿಗೆಯಾದ ಮೇಲೆ ಕನಿಷ್ಠ ಎರಡು ವರ್ಷ ಕಳೆಯುವ ಮೊದಲು ಮತ್ತೆ ಬಸಿರಾಗಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಗಂಡಂದಿರಿಗೂ ಒಂದು ಮಾತು: ನಮ್ಮ ರಾಜ್ಯದಲ್ಲಿ ವಿವಾಹಿತ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮಕ್ಕಳಾಗದಂತೆ ಶಸ್ತ್ರಕ್ರಿಯೆ ಮಾಡಿಸಿಕೊಂಡಿದ್ದಾರೆ, ಅದಕ್ಕಿಂತ ಸುಲಭವಾದ ಶಸ್ತ್ರಕ್ರಿಯೆಯನ್ನು ಮಾಡಿಸಿಕೊಂಡ ಪುರುಷರು ಇಲ್ಲವೆನ್ನುವಷ್ಟು ಕಡಿಮೆ. ಹೊತ್ತವಳು ಅವಳು, ಹಡೆದವಳು ಅವಳು. ಕೊಯ್ಯಿಸಿಕೊಳ್ಳುವುದೂ ಅವಳ ಪಾಲಿಗೇ ಬರಬೇಕೆ?

ಸರಕಾರದ ಸಹಾಯವನ್ನು ಉಪಯೋಗಿಸಿಕೊಳ್ಳಲು ನಾಚಬಾರದು. ೨೦೧೬ರಿಂದ ಪ್ರತಿ ತಿಂಗಳ ೯ನೆಯ ತಾರೀಖು ಸರಕಾರಿ ದವಾಖಾನೆಗಳಲ್ಲಿ ಬಸುರಿಯರನ್ನು ವೈದ್ಯರೇ ಪರೀಕ್ಷಿಸುವ ಏರ್ಪಾಡಾಗಿದೆ. ೨೦೦೮ರಲ್ಲಿ ನಮ್ಮ ರಾಜ್ಯದಲ್ಲಿ ೧೦೮ರ ವಾಹನಗಳು ಆರಂಭವಾದವು. ೨೦೧೭ರಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಗಳಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆಯು ಬಂದಿತು. ಆದರೆ ಸರಕಾರವು ಗುಳಿಗೆಯನ್ನು ಕೊಟ್ಟೀತು, ಊಟವನ್ನು ಕೊಟ್ಟೀತು. ಬಾಣಂತಿಯ ತಲೆಯ ಮೇಲಿನ ಕೊಡವನ್ನು ಇಳಿಸಿಕೊಳ್ಳಬೇಕಾದವರು ಮನೆಯವರೇ.

ಪ್ರಿಯ ಭಗಿನಿಯರೇ, ಮುಂದಿನ ಕೂಟಕ್ಕೆ ನೀವು ಬಂದಾಗ ಗೋಡೆಗೆ ಕೈಯೂರಿ ಏಳುವವಳನ್ನು ನಾವು ಕಾಣುವೆವು. ಈ ಸಲ ಅವಳು "ಹಿಂಗ ಇರೂದ" ಎಂದರೆ ಸುಮ್ಮನಿರಲಾರೆವು. ಎಷ್ಟು ದಿನದಿಂದ ಹೀಗಿದೆ, ರಕ್ತ ಪರೀಕ್ಷೆ ಮಾಡಿಸಿರುವೆಯಾ, ಕೊಡವನ್ನು ಯಾರು ಹೊರುತ್ತಾರೆ, ಎಂದು ಕೇಳುವೆವು. ನೀವೂ ನಿಮ್ಮ ಊರುಗಳಲ್ಲಿ ಅಕ್ಕತಂಗಿಯರನ್ನೂ, ಸೊಸೆಯಂದಿರನ್ನೂ, ಬಾಯಿಬಿಟ್ಟು ಹೇಳಿಕೊಳ್ಳದ ನಿಮ್ಮ ಹಡೆದವ್ವಂದಿರನ್ನೂ ಹೀಗೆ ಕೇಳಿರೆಂದು ನಮ್ಮ ಅರಿಕೆಯು.